ಬಾಗಿಲಿಲ್ಲದ ಸಭೆ

ನನಗೆ ಮೂವತ್ತೊಂದು ವರ್ಷ. ಈ ವಯಸ್ಸಿಗೇ ನಿವೃತ್ತ ಅಂದರೆ ನಗುತ್ತೀರಿ, ನಗಿ. ಪಂಚಾಯಿತಿಯ ವಾಟರ್‌ಮ್ಯಾನ್ ಕೆಲಸ ಬಿಟ್ಟು ಈಗ ಕೊಪ್ಪದಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಜಾಗಕ್ಕೆ ಬಂದಿರುವ ಸಂತೋಷ ಆಗಾಗ ಫೋನ್ ಮಾಡಿ, "ಅಣ್ಣಾ, ಇದಕ್ಕೆಂತ ಮಾಡೋದು?" ಎಂದು ಕೇಳುತ್ತಾನೆ. ಟೈರ್ ಬಿಚ್ಚಿದ ಕೈಯಲ್ಲಿ ಎಷ್ಟಂತ ಫೋನ್ ಹಿಡಿಯುವುದು? ಬರೆದೇ ಕೊಡುತ್ತೇನೆ. ಅವನ ಹಾಗೆ ಈ ಕೆಲಸಕ್ಕೆ ಹೊಸದಾಗಿ ಬರುವವರೂ ಓದಿಕೊಳ್ಳಲಿ. ನಾನು ಓದಿದ್ದು ಏಳನೇ ಕ್ಲಾಸು. ಅಲಂಕಾರ ಬೇಕಾದವರು ಬೇರೆ ಕಡೆ ನೋಡಿ.

ಪಂಚಾಯಿತಿಯ ಹೆಸರು ಬರೆಯುವುದಿಲ್ಲ. ಕೊಪ್ಪ, ಶೃಂಗೇರಿ, ಎನ್.ಆರ್. ಪುರ, ಈ ಮೂರು ತಾಲೂಕಿನಲ್ಲಿ ಎಲ್ಲೋ ಒಂದು ಕಡೆ ಎಂದು ಇಟ್ಟುಕೊಳ್ಳಿ. ಹೆಸರು ಬರೆದರೆ ಅಲ್ಲಿನ ಎರಡೂ ಕಡೆಯವರು ಒಟ್ಟಿಗೆ ನನ್ನ ಅಂಗಡಿಗೆ ಬರುತ್ತಾರೆ. ಅವರು ಒಟ್ಟಾಗಿದ್ದು ನನಗೆ ತಿಳಿದ ಮಟ್ಟಿಗೆ ಎರಡೇ ಸಲ. ಹೇಳಬೇಕಾಗಿರುವುದು ಅದನ್ನೇ. ಆದರೆ ಅದಕ್ಕೆ ಮುಂಚೆ ಕೆಲಸ ಎಂಥದ್ದು ಎಂದು ಗೊತ್ತಾಗಬೇಕು.

ವಾಟರ್‌ಮ್ಯಾನ್ ಅಂದರೆ ಮೋಟರ್ ಹಾಕುವುದು, ವಾಲ್ವ್ ತಿರುಗಿಸುವುದು, ಬೈಗುಳ ತಿನ್ನುವುದು. ಮೊದಲನೇ ವಾರ ನಾನು ಕೆಳಗಿನ ಪೇಟೆಯ ವಾಲ್ವನ್ನೂ ಗುಡ್ಡದ ಮೇಲಿನ ಕಾಲೋನಿಯ ವಾಲ್ವನ್ನೂ ಒಟ್ಟಿಗೆ ತೆರೆದೆ. ಎಲ್ಲರಿಗೂ ಒಂದೇ ಹೊತ್ತಿಗೆ ನೀರು ಸಿಗಲಿ ಎಂದು. ಪೇಟೆಯಲ್ಲಿ ಚರಂಡಿ ತುಂಬಿ ಹರಿಯಿತು, ಕಾಲೋನಿಯ ನಲ್ಲಿಯಲ್ಲಿ ಬರೀ ಗಾಳಿ ಬಂತು. ಕಾಲೋನಿಯಲ್ಲೇ ನಮ್ಮ ಮನೆ. ಅಮ್ಮ ಕೊಡ ಹಿಡಿದುಕೊಂಡು ಗುಡ್ಡ ಇಳಿದು ಬಂದು, ಪೇಟೆಯ ನಡುವೆ ನಿಂತು, "ನೀನು ಯಾರ ಮಗನಾ?" ಎಂದು ಕೇಳಿದಳು. ಅಷ್ಟೇ ಕೇಳಿದ್ದು. ಆಮೇಲೆ ನಾನು ಎರಡು ವಾಲ್ವ್ ಒಟ್ಟಿಗೆ ತೆರೆಯಲಿಲ್ಲ.

ನಾನು ಸೇರಿದಾಗ ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂದು ಬಿದಿರಿನ ಗಳ ಇಳಿಸಿ ನೋಡುತ್ತಿದ್ದೆವು. ಆಮೇಲೆ ಸರ್ಕಾರದ ಮೊಬೈಲ್ ಆಪ್ ಬಂತು. ವಾಲ್ವ್ ತಿರುಗಿಸುವ ಫೋಟೋ ತೆಗೆದು ಅಲ್ಲಿಂದಲೇ ಕಳಿಸಬೇಕು. ವಾಲ್ವ್ ಇರುವ ಪಂಪ್‌ಹೌಸಿನ ತಗ್ಗಿನಲ್ಲಿ ಸಿಗ್ನಲ್ ಇಲ್ಲ. ಮೇಲೆ ಬಂದು ಕಳಿಸಿದರೆ, ಫೋಟೋ ತೆಗೆದ ಜಾಗ ಇದಲ್ಲ ಎಂದು ಆಪ್ ಹೇಳುತ್ತದೆ. ಆದ್ದರಿಂದ ಸಿಗ್ನಲ್ ಇರುವ ಹುಣಸೆ ಮರದ ಬುಡದಲ್ಲಿ ಒಂದು ಹಳೇ ವಾಲ್ವ್ ಹೂತಿಟ್ಟೆ. ದಿನಾ ಅದನ್ನು ತಿರುಗಿಸಿ ಫೋಟೋ ಕಳಿಸುತ್ತಿದ್ದೆ. ಅದಕ್ಕೆ ಯಾವ ಪೈಪೂ ಇಲ್ಲ. ಸಂತೋಷ, ಅದು ಇನ್ನೂ ಅಲ್ಲೇ ಇದೆ, ಗ್ರೀಸ್ ಹಾಕು.

ಈಗ ಸಭೆಯ ವಿಷಯ. ನೀರು ಬಿಡುವುದರ ಜೊತೆಗೆ ಸಭೆಗೆ ಕುರ್ಚಿ ಹಾಕುವುದು, ಟೀ ಕೊಡುವುದೂ ನನ್ನ ಪಾಲಿಗೆ ಬಂದಿತ್ತು. ಪಂಚಾಯಿತಿ ಚುನಾವಣೆಯಲ್ಲಿ ಪಕ್ಷ ಇಲ್ಲ ಎಂದು ಕಾನೂನು ಹೇಳುತ್ತದೆ. ಹೌದು, ಇಲ್ಲ. ಅದಕ್ಕೇ ನಮ್ಮಲ್ಲಿ ಫ್ಯಾನಿನ ಕಡೆಯವರು, ಕಿಟಕಿ ಕಡೆಯವರು ಎಂದು ಎರಡು ಇತ್ತು. ಸಭೆಯ ಕೋಣೆಯಲ್ಲಿ ಒಂದೇ ಫ್ಯಾನು. ಅಧಿಕಾರದಲ್ಲಿ ಇರುವವರು ಅದರ ಕೆಳಗೆ. ಇಲ್ಲದವರು ಕಿಟಕಿ ಹತ್ತಿರ.

ಕಿಟಕಿ ಹತ್ತಿರ ಒಂದು ಸವಲತ್ತಿತ್ತು. ರುದ್ರಪ್ಪಣ್ಣ ಎಂಬ ಸದಸ್ಯರು ಕವಳ ಪ್ರಿಯರು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು, ಒಂದು ಮುಗಿಯುವುದರೊಳಗೆ ಇನ್ನೊಂದು. ಮೊದಲು ಅವರೇ ಅಧ್ಯಕ್ಷರಾಗಿ ಫ್ಯಾನಿನ ಕೆಳಗೆ ಕೂತಿದ್ದಾಗ ಉಗುಳಲು ಎದ್ದು ಹೊರಗೆ ಹೋಗಬೇಕಿತ್ತು. ಹಾಗಾಗಿ ಭಾಷಣ ಚಿಕ್ಕದು. ಅರ್ಧ ಅವಧಿ ಕಳೆದ ಮೇಲೆ ಸತೀಶಣ್ಣ ಎನ್ನುವ ಸದಸ್ಯರು ಸೆಖೆ ಎಂದು ತಮ್ಮ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಫ್ಯಾನಿನ ಕಡೆಯಿಂದ ಕಿಟಕಿ ಕಡೆಗೆ ಹೋದರು. ಒಂದು ಕುರ್ಚಿ ದಾಟಿದ್ದಕ್ಕೆ ಇಡೀ ಪಂಚಾಯಿತಿ ಮಗುಚಿತು. ಕಿಟಕಿ ಕಡೆಯ ಲಲಿತಕ್ಕ ಅಧ್ಯಕ್ಷೆಯಾದರು, ರುದ್ರಪ್ಪಣ್ಣ ಕಿಟಕಿಗೆ ಹೋದರು. ಕಿಟಕಿಯಿಂದ ಕೂತಲ್ಲೇ ಉಗುಳಬಹುದು. ಭಾಷಣ ಉದ್ದವಾಯಿತು.

ಆದರೆ ಮಾತು ಬದಲಾಗಲಿಲ್ಲ, ಬಾಯಿ ಬದಲಾಯಿತು ಅಷ್ಟೇ. ನಮ್ಮ ಪಂಚಾಯಿತಿ ಪೈಪು, ಬಲ್ಬು, ಬ್ಲೀಚಿಂಗ್ ಪೌಡರು ಎಲ್ಲಾ ಅಂಗಡಿಯಿಂದ ಉದ್ದರಿ ತರುತ್ತಿತ್ತು. ಮನೆಗಂದಾಯ ಬಂದಾಗ, ಸರ್ಕಾರದ ದುಡ್ಡು ಬಂದಾಗ ತೀರಿಸುವುದು. ಇಷ್ಟಕ್ಕಿಂತ ಹೆಚ್ಚು ಉದ್ದರಿ ಇರಬಾರದು ಎಂದು ಹಿಂದೆ ಯಾರೋ ಒಂದು ಠರಾವು ಮಾಡಿಟ್ಟಿದ್ದರು. ಪ್ರತಿ ಬಜೆಟ್ ಸಭೆಯಲ್ಲಿ ಆ ಮಿತಿ ಏರಿಸಬೇಕಾ ಬೇಡವಾ ಎಂದೇ ಜಗಳ. ರುದ್ರಪ್ಪಣ್ಣ ಫ್ಯಾನಿನ ಕೆಳಗಿದ್ದಾಗ, "ಉದ್ದರಿ ಇಲ್ದೆ ಅಭಿವೃದ್ಧಿ ಆಗ್ತದನ್ರೀ?" ಎನ್ನುತ್ತಿದ್ದರು. ಲಲಿತಕ್ಕ ಕಿಟಕಿಯಿಂದ, "ನಮ್ಮ ಮಕ್ಕಳು ಮರಿ ತಲೆ ಮೇಲೆ ಸಾಲ ಹೊರಿಸ್ತೀರಾ?" ಎನ್ನುತ್ತಿದ್ದರು. ಜಾಗ ಬದಲಾದ ಮೇಲೆ ಲಲಿತಕ್ಕ ಅಭಿವೃದ್ಧಿ ಅಂದರು, ರುದ್ರಪ್ಪಣ್ಣ ಮಕ್ಕಳು ಮರಿ ಅಂದರು. ಟೀ ಕೊಡುತ್ತಾ ನಾನು ಒಮ್ಮೆ ಕೇಳಿಯೇ ಬಿಟ್ಟೆ.

"ರುದ್ರಪ್ಪಣ್ಣ, ಭಾಷಣ ಕುರ್ಚಿಗೆ ಅಂಟಿರ್ತದಾ? ಕುರ್ಚಿ ತೊಳಿಯುವಾಗ ಹೋಗ್ಬಿಡ್ತದೇನೋ ಅಂತ ಹೆದರಿಕೆ ನಂಗೆ."

"ನೀನು ಟೀಗೆ ಸಕ್ರೆ ಹಾಕೋದು ಕಲಿ ಮೊದ್ಲು," ಅಂದರು.

ಆ ವರ್ಷ ಬೇಸಿಗೆ ಶುರುವಿಗೇ ಕಾಲೋನಿಗೆ ನೀರೆತ್ತುವ ಮೋಟರ್ ಸುಟ್ಟಿತು. ಅದು ಮೊದಲೇ ಎಷ್ಟೋ ಸಲ ಸುಟ್ಟು ರಿವೈಂಡಿಂಗ್ ಆಗಿದ್ದ ಮೋಟರ್. ಕೊಪ್ಪದ ರಿವೈಂಡಿಂಗ್ ಅಂಗಡಿಯವನು ಬಿಚ್ಚಿ ನೋಡಿ, "ಮಾರಾಯ, ಇದು ಮೋಟ್ರಲ್ಲ, ಒಲೆ. ಹೊಸದು ತಗಳಿ," ಅಂದ. ಹೊಸದಕ್ಕೆ ಪಂಚಾಯಿತಿಯಲ್ಲಿ ದುಡ್ಡಿಲ್ಲ. ಉದ್ದರಿ ತರೋಣ ಅಂದರೆ ಮಿತಿ ಮುಗಿದಿದೆ. ಮಿತಿ ಏರಿಸಲು ಬಜೆಟ್ ಸಭೆ ಆಗಬೇಕು.

ಕಾಲೋನಿಯವರೆಲ್ಲ ಕೆಳಗಿನ ಹಳ್ಳದಿಂದ ಕೊಡದಲ್ಲಿ ನೀರು ಹೊರುವುದು ಶುರುವಾಯಿತು. ನಮ್ಮ ಮನೆಗೆ ಅದು ಬೇರೆಯದೇ ತಲೆಬಿಸಿ. ನನ್ನ ತಂಗಿ ಸುಮಾ ಮೊದಲ ಬಾಣಂತನಕ್ಕೆ ಗಂಡನ ಊರು ಅಡ್ಡಗದ್ದೆಯಿಂದ ಬಂದಿದ್ದಳು. ಬಾಣಂತಿ ಸ್ನಾನಕ್ಕೆ ಎಷ್ಟು ನೀರು ಬೇಕು ಎಂದು ಮದುವೆಯಾಗದವರಿಗೆ ಗೊತ್ತಿರುವುದಿಲ್ಲ, ನನಗೂ ಗೊತ್ತಿರಲಿಲ್ಲ. ಹಂಡೆ ಹಂಡೆ ಬಿಸಿನೀರು ಹೊಯ್ಯಬೇಕು, ದಿನಾ. ವಿಷಯ ತಿಳಿದು ಸುಮಾಳ ಅತ್ತೆ ಅಡ್ಡಗದ್ದೆಯಿಂದ ಫೋನ್ ಮಾಡಿದರು.

"ನೀರಿಲ್ಲದ ಮನೇಲಿ ಎಂತ ಬಾಣಂತನ ಮಾಡ್ತೀರಿ ಮಾರಾಯ್ತಿ? ಹೆರಿಗೆ ಆದ ಕೂಡ್ಲೆ ಆಸ್ಪತ್ರೆಯಿಂದ ಸೀದಾ ನಮ್ಮಲ್ಲಿಗೇ ಕರ್ಕೊಂಡು ಹೋಗ್ತೀವಿ."

ಮೊದಲ ಬಾಣಂತನ ತವರಿನದ್ದು. ಅದನ್ನು ಬೀಗಿತ್ತಿ ಕಿತ್ತುಕೊಂಡರೆ ಕಾಲೋನಿಯಲ್ಲಿ ಅಮ್ಮ ಮುಖ ಎತ್ತುವ ಹಾಗಿಲ್ಲ. ಅಮ್ಮ ಫೋನ್ ಇಟ್ಟು ನನ್ನ ಕಡೆ ತಿರುಗಿದಳು.

"ನೀರು ಬಿಡುವವ ನನ್ ಮಗ. ನನ್ ಮಗಳಿಗೆ ನೀರಿಲ್ಲ. ಎಲ್ಲಿಗೆ ಹೋಗಿ ಹೇಳ್ಕಳ್ಳನಾ ಇದನ್ನ?"

"ಬಜೆಟ್ ಪಾಸಾಗ್ಬೇಕಮ್ಮ."

"ಅದೆಂತ ಅದು, ಪಾಸಾಗೋಕೆ? ಎಸ್ಸೆಲ್ಸಿನಾ?"

ಮಾರ್ಚ್ ತಿಂಗಳಲ್ಲಿ ಸಭೆ ಎರಡು ಸಲ ಕರೆದರು, ಎರಡು ಸಲವೂ ಒಂದೇ ಕಥೆ. ಒಟ್ಟು ಒಂಬತ್ತು ಸದಸ್ಯರು. ಫ್ಯಾನಿನ ಕಡೆ ಐದು, ಕಿಟಕಿ ಕಡೆ ನಾಲ್ಕು. ಆದರೆ ಕುರ್ಚಿ ದಾಟಿಸಿದ ಸತೀಶಣ್ಣ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಮಂಗಳೂರಿನಲ್ಲಿ ಮಲಗಿದ್ದರು. ಈಗ ನಾಲ್ಕು, ನಾಲ್ಕು. ಕಿಟಕಿ ಕಡೆಯವರು ಎದ್ದು ಹೊರಗೆ ಹೋದರೆ ಉಳಿಯುವುದು ನಾಲ್ಕೇ ಜನ. ಅರ್ಧದಷ್ಟೂ ಇಲ್ಲ, ಕೋರಂ ಇಲ್ಲ, ಸಭೆ ಇಲ್ಲ. ರುದ್ರಪ್ಪಣ್ಣ ಅದನ್ನು ಚೆನ್ನಾಗಿ ಕಂಡುಕೊಂಡಿದ್ದರು. ಲಲಿತಕ್ಕ, "ಮಿತಿ ಏರಿಸುವ ವಿಷಯ," ಎಂದ ಕೂಡಲೇ ಕಿಟಕಿಯಿಂದ ಉಗುಳಿ, ಪಂಚೆ ಕೊಡವಿ, ಬಾಗಿಲ ಕಡೆ ನಡೆಯುತ್ತಿದ್ದರು. ಹಿಂದೆ ಮೂವರು.

ಅವರಿಗೆ ಮೋಟರ್ ಬೇಡ ಅಂತಲ್ಲ. ಲಲಿತಕ್ಕನಿಗೆ ಊರ ಬಾಯಲ್ಲಿ ಒಂದು ಸ್ವಾಗತ ಕಮಾನು ಆಗಬೇಕಿತ್ತು, ಅದೂ ಬಜೆಟ್‌ನಲ್ಲಿತ್ತು. ಅದಕ್ಕೆ ರುದ್ರಪ್ಪಣ್ಣ ಬಿಡುವುದಿಲ್ಲ. ರುದ್ರಪ್ಪಣ್ಣನಿಗೆ ಬಸ್‌ಸ್ಟ್ಯಾಂಡಿಗೆ ಟೈಲ್ಸ್ ಆಗಬೇಕಿತ್ತು. ಉದ್ದರಿ ಮಿತಿ ಏರಿಸಬಾರದು, ಆದರೆ ಟೈಲ್ಸ್ ಆಗಬೇಕು. ಅದು ಹೇಗೆ ಎಂದು ಕೇಳಿದರೆ ಬಾಯಲ್ಲಿ ಕವಳ. ಗಲ್ಲ ಮೇಲಕ್ಕೆತ್ತಿ "ಉಂ, ಉಂ" ಎನ್ನುತ್ತಿದ್ದರು. ನಮ್ಮ ಪಿಡಿಓ, ಅಂದರೆ ಪಂಚಾಯಿತಿಯ ದೊಡ್ಡ ಅಧಿಕಾರಿ, ಬಯಲುಸೀಮೆಯಿಂದ ಹೊಸದಾಗಿ ಬಂದ ಮೇಡಂ. ಕವಳ ಹಾಕಿದ ಬಾಯಿ ಅವರಿಗೆ ಅಭ್ಯಾಸವಿಲ್ಲ. ನನ್ನನ್ನು ಹತ್ತಿರ ಕರೆದು, "ಇವ್ರು ಒಪ್ಪಿದ್ರೋ, ಬೈದ್ರೋ?" ಎಂದು ಕೇಳಿದರು. "ಬೈದ್ರು ಮೇಡಂ," ಅಂದೆ. "ಇರ್ಲಿ, ಬರ್ಕೊಳ್ಳಲ್ಲ," ಅಂದರು. ಒಳ್ಳೆಯ ಹೆಂಗಸು.

ಮೂರನೇ ಸಭೆ ತಿಂಗಳ ಕೊನೆಗೆ. ಅದೂ ಹೋದರೆ ಹೊಸ ವರ್ಷಕ್ಕೆ ಬಜೆಟ್ಟೇ ಇಲ್ಲ. ಸುಮಾಳಿಗೆ ದಿನ ತುಂಬುತ್ತಾ ಬಂದಿತ್ತು.

ನಮ್ಮಲ್ಲಿ ಬಜೆಟ್ ಸಭೆಯ ದಿನ ಊಟ ಹಾಕುವ ಪದ್ಧತಿ. ಹಿಂದಿನಿಂದ ಅಡುಗೆ ನನ್ನ ಅಮ್ಮನದ್ದೇ. ಕಡುಬು, ಅದಕ್ಕೆ ನಂಚಿಕೊಳ್ಳಲು ಅಲಸಂದೆ ಕಾಳಿನ ಗಸಿ, ಪಾಯಸ. ಸಭೆ ಬಿಟ್ಟು ಹೊರಗೆ ಹೋದವರೂ ಊಟ ಬಿಟ್ಟು ಹೋದದ್ದಿಲ್ಲ. ಅದರಲ್ಲಿ ಪಕ್ಷಭೇದ ಇಲ್ಲ. ಪ್ರತಿ ಸಲ ಅಮ್ಮ ಕಚೇರಿಯ ಹಿಂದೆ ಒಲೆ ಹಾಕುತ್ತಿದ್ದಳು. ಈ ಸಲ ನನ್ನ ಹತ್ತಿರ ಹೇಳಿ ಕಳಿಸಿದಳು.

"ತುಂಬಿದ ಬಸುರಿ ಬಿಟ್ಟು ನಾನು ಗುಡ್ಡ ಇಳಿಯಲ್ಲ. ಅಡುಗೆ ಇಲ್ಲೇ ಮನೇಲಿ. ಉಣ್ಣೋರು ಹತ್ತಿ ಬರ್ಲಿ."

ಲಲಿತಕ್ಕ ಹೂಂ ಅಂದರು. ಬೇರೆ ಅಡುಗೆಯವರಿಗೆ ಕೊಡಲು ದುಡ್ಡೆಲ್ಲಿದೆ? ಆ ದಿನ ಬೆಳಿಗ್ಗೆ ನಾನು ಹಳ್ಳದಿಂದ ನೀರು ಹೊತ್ತು ಅಡುಗೆಗೆ ಕೊಟ್ಟೆ. ಅಮ್ಮ ಹಿತ್ತಲಲ್ಲಿ ಸೂಜಿಮೆಣಸಿನ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬೆರಳ ಉಗುರಿನಷ್ಟು ಉದ್ದದ ಕಾಯಿ, ಒಂದನ್ನು ಕಚ್ಚಿದರೆ ಕಿವಿಯಲ್ಲಿ ಹೊಗೆ ಬರುತ್ತದೆ. ಅವಳ ಮಡಿಲು ಅರ್ಧ ತುಂಬಿತ್ತು.

"ಅಷ್ಟೂ ಯಾಕಮ್ಮ?"

"ಬಜೆಟ್ಟಿಗೆ," ಅಂದಳು.

ಸಭೆ ಶುರುವಾಯಿತು. ಲಲಿತಕ್ಕ ಮಿತಿ ಅಂದರು. ರುದ್ರಪ್ಪಣ್ಣ ಉಗುಳಿದರು, ಕೊಡವಿದರು, ನಡೆದರು. ಪಿಡಿಓ ಮೇಡಂ ಪುಸ್ತಕದಲ್ಲಿ ಏನೋ ಒಂದು ಸಾಲು ಬರೆದು, ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, "ನಡೀರಿ, ಊಟ," ಅಂದರು. ಎರಡು ಗುಂಪು ಗುಡ್ಡ ಹತ್ತಿತು. ಫ್ಯಾನಿನವರು ದಾರಿಯ ಬಲಕ್ಕೆ, ಕಿಟಕಿಯವರು ಎಡಕ್ಕೆ. ಮಾರ್ಚ್ ಬಿಸಿಲಿಗೆ ಮೇಲೆ ಮುಟ್ಟುವಷ್ಟರಲ್ಲಿ ಎಲ್ಲರ ನಾಲಿಗೆ ಒಣಗಿತ್ತು. ಅಂಗಳದಲ್ಲಿ ಎದುರುಬದುರು ಚಾಪೆ ಹಾಕಿ, ಬಾಳೆಲೆ ಇಟ್ಟು, ಅಮ್ಮ ಕಾಯುತ್ತಿದ್ದಳು. ಹಸಿದ ಹೊಟ್ಟೆ, ಬಿಸಿ ಕಡುಬು. ಎಂಟೂ ಜನ ಗಸಿಯಲ್ಲಿ ಅದ್ದಿ ಅದ್ದಿ ಬಾಯಿ ತುಂಬ ಹಾಕಿಕೊಂಡರು.

ಮೊದಲು ಒಬ್ಬರು ಕೆಮ್ಮಿದರು. ಆಮೇಲೆ ಎದುರು ಸಾಲಿನಲ್ಲಿ ಒಬ್ಬರು. ಲಲಿತಕ್ಕನ ಕಣ್ಣಲ್ಲಿ ನೀರು ಬಂತು. ರುದ್ರಪ್ಪಣ್ಣನದ್ದು ಅಷ್ಟು ವರ್ಷ ಸುಣ್ಣ ತಿಂದ ಬಾಯಿ, ಒಳಗೆಲ್ಲ ಹುಣ್ಣು. ಅವರು ಎದ್ದು ನಿಂತೇಬಿಟ್ಟರು.

"ನೀರು! ಚಂದ್ರಮ್ಮ, ನೀರು ಕೊಡೆ!"

"ನೀರಾ?" ಅಂದಳು ಅಮ್ಮ. "ನಲ್ಲೀಲಿ ಬರ್ತದೆ. ಮಿತಿ ಏರ್ಲಿ, ಬರ್ತದೆ. ಕೂತ್ಕಳಿ."

"ಅಲ್ಲಿ ಕೊಡ ಉಂಟಲ್ಲ!"

"ಅದು ಬಸುರಿ ಹೆಂಗ್ಸಿಂದು. ಕುಡೀತೀರಾ? ಕುಡೀರಿ. ಊರಿಗೆ ನಾನೇ ಹೇಳ್ತೀನಿ ಬಿಡಿ, ಎಂಟು ಮೆಂಬರ್ರು ಸೇರಿ ಬಸುರಿ ನೀರು ಕುಡಿದ್ರು ಅಂತ."

ಬಾಗಿಲಲ್ಲಿ ಸುಮಾ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಯಾರೂ ಕೊಡ ಮುಟ್ಟಲಿಲ್ಲ.

"ಹಳ್ಳ ಎಲ್ಲುಂಟಾ?" ರುದ್ರಪ್ಪಣ್ಣ ನನ್ನನ್ನು ಕೇಳಿದರು. ಕೈ ತೋರಿಸಿದೆ.

ಎಂಟು ಜನ ಓಡಿದರು. ಎಡ ಬಲ ಏನೂ ಇರಲಿಲ್ಲ, ಎಲ್ಲಾ ಒಂದೇ ಕಾಲುದಾರಿ. ಪಂಚೆ ಎತ್ತಿಕೊಂಡು, ಸೀರೆ ಸಿಕ್ಕಿಸಿಕೊಂಡು, ಬಾಯಿ ತೆರೆದುಕೊಂಡು. ಮಾರ್ಚ್ ಕೊನೆಗೆ ಹಳ್ಳದಲ್ಲಿ ಇರುವುದು ಒಂದೇ ಗುಂಡಿ, ಒಂದು ಸಲಕ್ಕೆ ಇಬ್ಬರು ಬಗ್ಗುವಷ್ಟು. ಲಲಿತಕ್ಕನೂ ರುದ್ರಪ್ಪಣ್ಣನೂ ಒಟ್ಟಿಗೆ ಬಗ್ಗಿದರು. ತಲೆಗೆ ತಲೆ ಢಿಕ್ಕಿ ಹೊಡೆಯಿತು.

"ನೀವು ಕುಡೀರಿ," ಅಂದರು ರುದ್ರಪ್ಪಣ್ಣ, ಹಣೆ ಉಜ್ಜಿಕೊಳ್ಳುತ್ತಾ.

"ಇಲ್ಲ, ನೀವು ಕುಡೀರಿ. ನಿಮ್ ಬಾಯಿ ಸತ್ತೇ ಹೋಗಿದೆ."

ಪಂಚಾಯಿತಿಯಲ್ಲಿ ಅವರಿಬ್ಬರು ಒಂದು ವಿಷಯದಲ್ಲಿ ಒಬ್ಬರಿಗೊಬ್ಬರು ಬಿಟ್ಟುಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎಲ್ಲರೂ ಕುಡಿದು, ಮುಖಕ್ಕೆ ಹೊಯ್ದುಕೊಂಡು, ಅಲ್ಲಲ್ಲಿ ಕಲ್ಲಿನ ಮೇಲೆ ಕೂತರು. ಆಗ ಪಿಡಿಓ ಮೇಡಂ ನಿಧಾನಕ್ಕೆ ಇಳಿದು ಬಂದರು. ಬಯಲುಸೀಮೆಯವರು, ಖಾರದಲ್ಲೇ ಹುಟ್ಟಿದವರು. ಎರಡನೇ ಸಲ ಗಸಿ ಹಾಕಿಸಿಕೊಂಡು ಉಂಡು ಬಂದಿದ್ದರು. ಎಂಟೂ ಜನರನ್ನು ನೋಡಿ, ಚೀಲದಿಂದ ಪುಸ್ತಕ ತೆಗೆದರು.

"ಸಭೆ ಊಟಕ್ಕೆ ನಿಲ್ಸಿದೆ ಅಂತ ಬರ್ದಿದೀನಿ. ಮುಗೀತು ಅಂತ ಬರ್ದಿಲ್ಲ. ಮುಂದುವರ್ಸೋದಾ ಅಧ್ಯಕ್ಷರೇ?"

ಲಲಿತಕ್ಕ ನಕ್ಕರು. "ಮುಂದುವರ್ಸಿ. ಎಂಟು ಜನ ಇದೀವಲ್ಲ, ಕೋರಂ ಸರಿ ಉಂಟು."

ರುದ್ರಪ್ಪಣ್ಣ ಅಭ್ಯಾಸದಂತೆ ಎದ್ದು ಪಂಚೆ ಕೊಡವಿದರು. ಆಮೇಲೆ ಅಲ್ಲೇ ನಿಂತರು. ಕೆಳಗೆ ನೋಡಿದರು, ಮುಳ್ಳು ಪೊದೆ. ಪಕ್ಕಕ್ಕೆ ನೋಡಿದರು, ಬಂಡೆ.

"ಹೋಗಿ ಮಾರಾಯ್ರೆ," ಅಂದರು ಲಲಿತಕ್ಕ. "ಎಲ್ಲಿಗೆ ಹೋಗ್ತೀರಿ? ಬಾಗ್ಲು ಎಲ್ಲುಂಟು?"

ಉಳಿದದ್ದು ಮೇಲಿನ ದಾರಿ ಒಂದೇ. ಅದರ ತುದಿಯಲ್ಲಿ ಅಮ್ಮ ಸೌಟು ಹಿಡಿದು ನಿಂತಿದ್ದಳು.

"ಬನ್ನಿ ರುದ್ರಪ್ಪಣ್ಣ, ಗಸಿ ಇನ್ನೂ ಉಂಟು!"

ರುದ್ರಪ್ಪಣ್ಣ ಕೂತರು.

ಆಮೇಲೆ ನಡೆದದ್ದಕ್ಕೆ ಭಾಷಣ ಅನ್ನುವ ಹಾಗಿಲ್ಲ. ನಾಲಿಗೆ ಉರಿಯುವಾಗ ಮಕ್ಕಳು ಮರಿ, ಅಭಿವೃದ್ಧಿ ಯಾವುದೂ ಬಾಯಿಗೆ ಬರುವುದಿಲ್ಲ.

"ಕಮಾನು ಬಿಡಿ," ಅಂದರು ರುದ್ರಪ್ಪಣ್ಣ.

"ಟೈಲ್ಸ್ ಬಿಡಿ."

"ಟೈಲ್ಸ್ ಬಿಟ್ರೆ ಬಸ್‌ಸ್ಟ್ಯಾಂಡಲ್ಲಿ ಎಂತ ಉಳೀತು?"

"ಬಸ್ಸು ಉಳೀತು. ಬಸ್ಸು ಬರೋದು ಟೈಲ್ಸ್ ನೋಡಕಾ?"

"ಕಮಾನು ಪೂರ್ತಿ ಬಿಡ್ಬೇಕು. ಕಂಬ ಮಾತ್ರ ನಿಲ್ಸಿಡ್ತೀವಿ ಅಂತ ಆಮೇಲೆ ಹೇಳ್ಬಾರ್ದು."

"ಕಂಬಾನೂ ಇಲ್ಲ, ಗುಂಡೀನೂ ಇಲ್ಲ. ಆಯ್ತಾ?"

"ಮಿತಿ ಏರ್ಸೋದು ಮೋಟ್ರಿಗೆ ಮಾತ್ರ. ಮೋಟ್ರು, ಕೇಬಲ್ಲು. ಮುಗೀತು."

"ಸ್ಟಾರ್ಟ್ರೂ ಬೇಕು ರುದ್ರಪ್ಪಣ್ಣ," ಅಂದೆ ನಾನು. "ಹಳೇದೂ ಸುಟ್ಟಿದೆ."

"ನೀನು ಮೆಂಬರ್ರನಾ? ಸುಮ್ನಿರು!" ಎಂದು ಗದರಿ, ಬೊಗಸೆಯಲ್ಲಿ ಇನ್ನಷ್ಟು ನೀರು ಕುಡಿದು, ಪಿಡಿಓ ಕಡೆ ತಿರುಗಿ, "ಸ್ಟಾರ್ಟ್ರೂ ಬರ್ಕಳಿ," ಅಂದರು.

ಮೇಡಂ ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಬರೆದರು. ಎಂಟು ಜನ ಒದ್ದೆ ಕೈಯಲ್ಲಿ ಸಹಿ ಹಾಕಿದರು. ರುದ್ರಪ್ಪಣ್ಣನ ಸಹಿಯ ಪಕ್ಕದಲ್ಲಿ ಗಸಿಯ ಒಂದು ಚುಕ್ಕೆ ಇದೆ.

ಸುಮಾಳಿಗೆ ಕೊಪ್ಪದ ಆಸ್ಪತ್ರೆಯಲ್ಲಿ ಹೆರಿಗೆಯಾದ ದಿನ ಮೋಟರ್ ಇನ್ನೂ ಪಿಕಪ್ ಗಾಡಿಯಲ್ಲಿತ್ತು. ಇಳಿಸಿ, ಕೂರಿಸಿ, ವೈರ್ ಕೊಟ್ಟು ಮುಗಿಸುವಷ್ಟರಲ್ಲಿ ಅವಳನ್ನು ಮನೆಗೆ ಬಿಡುವ ದಿನ ಬಂತು. ಅಡ್ಡಗದ್ದೆಯ ಅತ್ತೆ ಜೀಪು ಮಾಡಿಕೊಂಡೇ ಬಂದಿದ್ದರು. ಅಮ್ಮ ಆಸ್ಪತ್ರೆ ಬಾಗಿಲಲ್ಲೇ ಹೇಳಿದಳಂತೆ, "ಮೊದ್ಲು ಬಂದು ನಲ್ಲಿ ನೋಡಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ." ಜೀಪು ಗುಡ್ಡ ಹತ್ತಿ ಬಂತು.

ನಾನು ಕೆಳಗೆ ಪಂಪ್‌ಹೌಸಿನಲ್ಲಿ. ಪೇಟೆಯ ವಾಲ್ವ್ ಬಂದ್ ಮಾಡಿ, ಕಾಲೋನಿಯದ್ದು ತೆರೆದು, ಸ್ಟಾರ್ಟರ್ ಒತ್ತಿದೆ. ಆಮೇಲೆ ಗುಡ್ಡ ಹತ್ತಿ ಓಡಿದೆ. ನಾನು ಮುಟ್ಟಿದಾಗ ಬೀಗಿತ್ತಿಯರಿಬ್ಬರೂ ನಲ್ಲಿಯ ಆಚೆ ಈಚೆ ನಿಂತಿದ್ದರು. ಸುಮಾ ಜೀಪಿನಿಂದ ಇಳಿದಿರಲಿಲ್ಲ, ಕೂಸು ಅವಳ ಮಡಿಲಲ್ಲಿ. ನಲ್ಲಿ ಮೊದಲು ಸೀನಿತು. ಆಮೇಲೆ ಗಾಳಿ ಬಿಟ್ಟಿತು. ಅತ್ತೆ ಅಮ್ಮನ ಮುಖ ನೋಡಿದರು. ಅಮ್ಮ ನನ್ನ ಮುಖ ನೋಡಿದಳು. ಪೇಟೆಯ ವಾಲ್ವ್ ಬಂದ್ ಮಾಡಿದೆನಾ, ತೆರೆದೆನಾ ಎಂದು ನನಗೇ ಅನುಮಾನ ಬಂತು. ಅಷ್ಟರಲ್ಲಿ ಕೆಂಪು ನೀರು ಬಂತು, ಕೆಸರು ಬಂತು, ಆಮೇಲೆ ಒಳ್ಳೆ ನೀರು ಬಂತು.

ಅತ್ತೆ ನಲ್ಲಿ ಕೆಳಗೆ ಕೈ ಒಡ್ಡಿ ನೋಡಿದರು. "ಹಂಡೆ ತುಂಬ್ಸಿ ಹಾಗಾರೆ. ನಿಂತ್ಕಂಡು ಎಂತ ನೋಡ್ತೀರಿ?" ಅಂದರು. ಸುಮಾ ಜೀಪಿನಿಂದ ಇಳಿದಳು.

ಮರುವರ್ಷದ ಬಜೆಟ್ ಸಭೆಯಲ್ಲಿ ಫ್ಯಾನಿನ ಕಡೆಯವರೂ ಕಿಟಕಿ ಕಡೆಯವರೂ ಸೇರಿ, ಯಾರ ವಿರೋಧವೂ ಇಲ್ಲದೆ ಒಂದು ಠರಾವು ಮಾಡಿದರು. ಇನ್ನು ಮುಂದೆ ಬಜೆಟ್ ಊಟ ಕಚೇರಿಯಲ್ಲೇ ಆಗಬೇಕು, ಮೊಸರನ್ನ ಮಾತ್ರ ಹಾಕಬೇಕು. ಒಂದೇ ಬಾಯಲ್ಲಿ ಪಾಸಾಯಿತು. ಉಳಿದದ್ದೆಲ್ಲ ಎಂದಿನಂತೆ ನಿಂತುಹೋಯಿತು. ಸಂಬಳ ಬಜೆಟ್‌ಗೆ ಕಾಯುವುದು ಸಾಕೆನಿಸಿ ನಾನು ಪಂಕ್ಚರ್ ಅಂಗಡಿಗೆ ಬಂದೆ.

ಮನೆಯಲ್ಲಿ ಕೂತು ಇಷ್ಟು ಬರೆದಿಟ್ಟು ಊಟಕ್ಕೆ ಎದ್ದಿದ್ದೆ. ಸಂತೋಷನ ಫೋನು.

"ಅಣ್ಣಾ, ಈ ಸಲಾನೂ ಕೋರಂ ಇಲ್ಲಂತೆ. ಪೈಪಿಗೆ ಉದ್ದರಿ ಬೇಡ ಅಂತ ಎದ್ದು ಹೋದ್ರು. ನಾಡಿದ್ದು ಮತ್ತೆ ಸಭೆ. ಮೊಸರನ್ನ ಮಾಡೋಕೆ ನಿಮ್ಮ ಅಮ್ಮನಿಗೇ ಹೇಳ್ಬೇಕಂತೆ."

ನಾನು ಅದನ್ನೇ ಅಮ್ಮನಿಗೆ ಹೇಳಿದೆ. ಅವಳು ಅಜ್ಜಿಮನೆಗೆ ಬಂದಿದ್ದ ಮೊಮ್ಮಗಳಿಗೆ ಅನ್ನ ತಿನ್ನಿಸುತ್ತಿದ್ದಳು. ಮಗುವನ್ನು ನನ್ನ ಕೈಗೆ ಕೊಟ್ಟು, ಹಿತ್ತಲ ಬಾಗಿಲು ತೆಗೆದು, ಹೊಸ್ತಿಲಲ್ಲಿ ನಿಂತು ತಿರುಗಿ ಕೇಳಿದಳು.

"ಒಗ್ಗರಣೆಗೆ ಮೆಣಸು ಹಾಕ್ಬಾರ್ದು ಅಂತ ಠರಾವಲ್ಲಿ ಬರ್ದಿದಾರನಾ?"